ಅರ್ಧ ದಿನ ಕೂಡಿಸಿ ಹೇಳು

ಅದು ಭಾನುವಾರ. ಕೊಯಮತ್ತೂರಿನ ಅಂಚಿನ ಕುರಿಚಿಯ ಎರಕದ ಕಾರ್ಖಾನೆಗಳಿಗೆ ರಜೆ ಇದ್ದುದರಿಂದ ನಮ್ಮ ಬೀದಿ ಸದ್ದಿಲ್ಲದೆ ಇತ್ತು. ನನ್ನ ಹೆಂಡತಿ ಕಮಲಾ ಬಾಗಿಲ ಹತ್ತಿರ ಕೂತು ಅವರೆಕಾಯಿ ಬಿಡಿಸುತ್ತಾ ತಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಫೋನು ತೊಡೆಯ ಮೇಲೆ, ಕೈ ಮೊರದಲ್ಲಿ. ಪ್ರತಿ ಭಾನುವಾರ ಹೀಗೆಯೇ. ಅವಳ ತಮ್ಮ ಮುರುಗೇಸ ಹೆಣಿಗೆ ಯಂತ್ರಗಳ ಮೆಕ್ಯಾನಿಕ್. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಇಪ್ಪತ್ತು ವರ್ಷ ದುಡಿದು, ಆಮೇಲೆ ಮಡಗಾಸ್ಕರಿನ ಒಂದು ಬಟ್ಟೆ ಕಾರ್ಖಾನೆಗೆ ಹೋಗಿದ್ದ. ಅಲ್ಲಿಯ ರಾಜಧಾನಿ ಅಂತಾನನರಿವೊ. ಆ ಹೆಸರು ಕಮಲಾಳ ಬಾಯಿಗೆ ಬರುತ್ತಿರಲಿಲ್ಲ. 'ಆನಂದಪುರ' ಅನ್ನುತ್ತಿದ್ದಳು.

ಫೋನ್ ಇಟ್ಟಮೇಲೆ ನನ್ನ ಕಡೆ ತಿರುಗಿದಳು.

"ಇಲ್ಲಿ ಕೇಳಿ. ಅವನಿರೋ ಊರು ಎಷ್ಟು ದೂರ? ಲಂಡನ್‌ಗಿಂತ ದೂರಾನಾ?"

ಅಟ್ಟದ ಮೇಲೆ ನನ್ನ ಹಳೆಯ ವಿಮಾನ ಟಿಕೆಟ್ ಆಫೀಸಿನ ಭೂಮಿಯ ಗೋಳವೊಂದಿತ್ತು. ಆಫೀಸು ಮುಚ್ಚುವಾಗ ಯಾರಿಗೂ ಬೇಡವಾಗಿ ನನಗೆ ಬಂದದ್ದು. ಇಳಿಸಿ ತಂದೆ. ಅವಳ ಹೊಲಿಗೆ ಡಬ್ಬಿಯಿಂದ ಒಂದು ಎಳೆ ನೂಲು ತೆಗೆದುಕೊಂಡು ಒಂದು ತುದಿಯನ್ನು ಕೊಯಮತ್ತೂರಿನ ಮೇಲೆ ಒತ್ತಿ ಹಿಡಿದು, ಇನ್ನೊಂದನ್ನು ಎಳೆದು ಅಂತಾನನರಿವೊ ಮೇಲೆ ಇಟ್ಟೆ. ಅಷ್ಟು ಉದ್ದಕ್ಕೆ ಉಗುರಿನಿಂದ ಗುರುತು ಮಾಡಿ ಅದೇ ನೂಲನ್ನು ಲಂಡನ್ ಕಡೆ ಎಳೆದೆ. ಗುರುತು ಟರ್ಕಿಯನ್ನೂ ಮುಟ್ಟಲಿಲ್ಲ.

"ಇಷ್ಟೇನಾ!" ಅಂದಳು ಕಮಲಾ. "ಅಯ್ಯೋ ಸಾಮಿ, ಇದು ಪಕ್ಕದ ಬೀದಿ ಆಯ್ತಲ್ಲ. ನಾನು ಇಷ್ಟು ವರ್ಷ ಸುಮ್ಮನೆ ಅತ್ತೆ."

"ನೂಲಿನಲ್ಲಿ ಹತ್ತಿರ. ನಾಲ್ಕೂವರೆ ಸಾವಿರ ಕಿಲೋಮೀಟರಿಗೆ ಸ್ವಲ್ಪ ಮೇಲೆ. ನೇರವಾಗಿ ವಿಮಾನ ಇದ್ದಿದ್ದರೆ ಆರು ಗಂಟೆ. ಆದರೆ ನೇರ ವಿಮಾನ ಇಲ್ಲ. ಎರಡು ಕಡೆ ಇಳಿದು ಹತ್ತಬೇಕು. ಲಂಡನ್ನಿಂದ ಬರೋನು ಮೊದಲು ಮನೆ ಸೇರ್ತಾನೆ, ಇವನು ಆಮೇಲೆ."

"ಅದೆಲ್ಲ ನಿಮ್ಮ ಲೆಕ್ಕ. ಇಷ್ಟು ಹತ್ತಿರ ಇದ್ದರೆ ಕೂಗಿದರೆ ಬರ್ತಾನೆ." ಅವರೆಕಾಳು ಬಾಯಿಗೆ ಹಾಕಿಕೊಂಡು ನಕ್ಕಳು. "ಊರಿಗೆಲ್ಲ ಟಿಕೆಟ್ ಕೊಟ್ಟಿರಿ. ನನ್ನ ಒಂದು ದಿನವಾದ್ರೂ ವಿಮಾನದಲ್ಲಿ ಕೂರಿಸಿದಿರಾ? ನೋಡ್ತಾ ಇರಿ, ನನ್ನ ಕೊನೇ ಸೀರೆ ಮಾತ್ರ ವಿಮಾನದಲ್ಲೇ ಬರುತ್ತೆ."

ಈ ಕೊನೆಯ ಸೀರೆಯ ವಿಷಯ ಗೊತ್ತಿಲ್ಲದವರಿಗೆ ಹೇಳಬೇಕು. ನಾವು ತಲೆತಲಾಂತರದಿಂದ ಇಲ್ಲೇ ಇರುವ ಕನ್ನಡ ಮಾತಿನ ನೇಕಾರರು. ನಮ್ಮಲ್ಲಿ ಹೆಣ್ಣು ತೀರಿಕೊಂಡರೆ ತವರಿನಿಂದ ಹೊಸ ಸೀರೆ ಬರಬೇಕು. ಒಡಹುಟ್ಟಿದವನು ತನ್ನ ಕೈಯಿಂದಲೇ ಅದನ್ನು ಹೊದಿಸಬೇಕು. ಗಂಡನ ಮನೆಯಲ್ಲಿ ಎಷ್ಟೇ ರೇಷ್ಮೆ ಉಟ್ಟಿದ್ದರೂ ಹೋಗುವಾಗ ಮೇಲೆ ಇರಬೇಕಾದದ್ದು ತವರಿನ ಬಟ್ಟೆ. ಕಮಲಾಗೆ ಇದ್ದವನು ಮುರುಗೇಸ ಒಬ್ಬನೇ. ತಾಯಿ ಬೇಗ ಹೋಗಿದ್ದರಿಂದ ಅವನನ್ನು ಎತ್ತಿ ಬೆಳೆಸಿದವಳೂ ಇವಳೇ.

ಮರುದಿನ ಮಧ್ಯಾಹ್ನ ಅವಳು ಹೋದಳು. ಅದನ್ನು ಆಮೇಲೆ ಬರೆಯುತ್ತೇನೆ. ಮೊದಲು ಕೆಲಸದ ವಿಷಯ ಬರೆಯದಿದ್ದರೆ ಅದು ಅರ್ಥವಾಗುವುದಿಲ್ಲ. ಮೈಸೂರಿನ ಕಡೆಯಿಂದ ಬಂದು ಇಲ್ಲಿನ ಟ್ರಾವೆಲ್ಸ್ ಆಫೀಸುಗಳಿಗೆ ಸೇರುವ ಕೆಲವರು ನನ್ನನ್ನು ಈಗಲೂ ಕೇಳುತ್ತಾರೆ. ಅವರಿಗಾಗಿ ಇದು.

ನಾನು ಓದಿದ್ದು ಹತ್ತನೇ ತರಗತಿವರೆಗೆ. ತಾಳವಾಡಿಯ ಅತ್ತೆ ಮನೆಯಲ್ಲಿದ್ದು ಕನ್ನಡ ಶಾಲೆಯಲ್ಲಿ ಓದಿದ್ದರಿಂದ ನನಗೆ ಈ ಅಕ್ಷರ ಬರುತ್ತದೆ. ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಬರುವುದಿಲ್ಲ. ಎಲ್ಲರೂ ಕನ್ನಡ ಮಾತಾಡುತ್ತಾರೆ, ತಮಿಳು ಓದುತ್ತಾರೆ. ಗಾಂಧಿಪುರಂನಲ್ಲಿ ಬಸ್ ನಿಲ್ದಾಣದ ಎದುರು, ಮಿಠಾಯಿ ಅಂಗಡಿಯ ಮಾಳಿಗೆಯ ಮೇಲೆ ಒಂದು ಟಿಕೆಟ್ ಆಫೀಸಿತ್ತು. ಚಹಾ ತರಲು ಸೇರಿದವನು ಅದು ಮುಚ್ಚುವವರೆಗೂ ಅಲ್ಲಿಯೇ ಇದ್ದೆ. ನನ್ನ ಹೆಸರು ಸುಬ್ರಮಣಿ. ಊರಿಗೆಲ್ಲ 'ಟಿಕೆಟ್ ಮಣಿ'.

ಆಗ ಕಂಪ್ಯೂಟರ್ ಇರಲಿಲ್ಲ. ಪ್ರಪಂಚದ ಎಲ್ಲ ವಿಮಾನಗಳ ವೇಳೆ ಇರುವ ಪುಸ್ತಕವೊಂದು ತಿಂಗಳು ತಿಂಗಳು ಬರುತ್ತಿತ್ತು. ಎರಡು ಇಟ್ಟಿಗೆ ಸೇರಿಸಿದಷ್ಟು ದಪ್ಪ, ಈರುಳ್ಳಿ ಸಿಪ್ಪೆಯಷ್ಟು ತೆಳು ಕಾಗದ, ಇರುವೆ ಸಾಲಿನಂಥ ಅಂಕಿ. ಹೊರಡುವ ವೇಳೆ ಹೊರಡುವ ಊರಿನದು, ತಲುಪುವ ವೇಳೆ ತಲುಪುವ ಊರಿನದು. ನಡುವಿನ ವ್ಯತ್ಯಾಸ ನಾವೇ ಕಳೆಯಬೇಕು. ಈ ಕೆಲಸಕ್ಕೆ ಬರುವವರು ಮೊದಲು ಎಡವುವುದು ಇಲ್ಲೇ.

ತಿರುಪ್ಪೂರಿನ ಬನಿಯನ್ ಕಂಪನಿ ಮುದಲಾಳಿ ಒಬ್ಬರು, ಅಂದರೆ ಮಾಲೀಕರು, ಮೊದಲ ಸಲ ಜರ್ಮನಿಗೆ ಹೊರಟಾಗ ಟಿಕೆಟ್ ಕೈಯಲ್ಲಿ ಹಿಡಿದು ನನ್ನ ಮೇಲೆ ಸಿಟ್ಟಾದರು.

"ಏನಪ್ಪಾ ಮಣಿ, ರಾತ್ರಿ ಎರಡಕ್ಕೆ ಹತ್ತಿ ಬೆಳಗ್ಗೆ ಏಳಕ್ಕೆ ಇಳಿಯೋದು ಅಂತ ಹಾಕಿದಾರೆ. ಬರೀ ಐದು ಗಂಟೆ ಪ್ರಯಾಣ. ಚೆನ್ನೈಗೆ ರೈಲಲ್ಲಿ ಹೋದರೆ ಇದಕ್ಕಿಂತ ಜಾಸ್ತಿ ಆಗುತ್ತೆ. ಇಷ್ಟಕ್ಕೆ ಇಷ್ಟು ದುಡ್ಡಾ?"

"ಅಣ್ಣಾ, ಅಲ್ಲಿಯ ಗಡಿಯಾರ ನಮಗಿಂತ ಹಿಂದೆ. ನೀವು ಕೂರೋದು ಒಂಬತ್ತು ಗಂಟೆ ಹತ್ತಿರ."

"ಹಾಗಾದರೆ ವಾಪಸ್ ಬರುವಾಗ?"

"ಅದು ಚೀಟೀಲಿ ಇಡೀ ಹಗಲು ತಿಂದ ಹಾಗೆ ಕಾಣುತ್ತೆ."

"ಹೋಗುವಾಗ ಲಾಭ, ಬರುವಾಗ ನಷ್ಟ. ಒಟ್ಟಿನಲ್ಲಿ ಜವಳಿ ವ್ಯಾಪಾರವೇ ಅನ್ನು" ಅಂತ ನಗುತ್ತಾ ಮೆಟ್ಟಿಲಿಳಿದರು.

ದೂರ ಬೇರೆ, ಹಾರುವ ಹೊತ್ತು ಬೇರೆ, ಪ್ರಯಾಣದ ಹೊತ್ತು ಬೇರೆ. ಗೋಡೆಯ ಮೇಲಿನ ಭೂಪಟ ನಂಬಬೇಡಿ, ಅದು ಚಪ್ಪಟೆ. ಗೋಳದ ಮೇಲೆ ನೂಲೆಳೆದು ನೋಡಿದರೆ ವಿಮಾನ ಯಾಕೆ ವಾರೆಯಾಗಿ ಹೋಗುತ್ತದೆ ಎಂದು ಗೊತ್ತಾಗುತ್ತದೆ. ಆದರೆ ಬರುವವರನ್ನು ಕಾಯುವ ಮನೆಯವರಿಗೆ ಕಿಲೋಮೀಟರ್ ಬೇಡ, ಹಾರುವ ಹೊತ್ತೂ ಬೇಡ. ಬಾಗಿಲಿಗೆ ಯಾವಾಗ ಬರುತ್ತಾರೆ ಎನ್ನುವುದೊಂದೇ ಬೇಕು. ಅದರಲ್ಲಿ ಹೆಚ್ಚಿನ ಪಾಲು ಹಾರುವುದಲ್ಲ, ನಡುವಿನ ಊರುಗಳಲ್ಲಿ ಕುರ್ಚಿಯ ಮೇಲೆ ಕೂರುವುದು. ಒಂದು ವಿಮಾನ ಇಳಿದು ಇನ್ನೊಂದು ಹತ್ತಲು ಆ ನಿಲ್ದಾಣದಲ್ಲಿ ಕನಿಷ್ಠ ಎಷ್ಟು ಹೊತ್ತು ಬೇಕು ಎಂದು ಪ್ರತಿ ಊರಿಗೂ ಒಂದು ಲೆಕ್ಕ ಇರುತ್ತದೆ. ಅದನ್ನು ಬಾಯಿಪಾಠ ಮಾಡಿದ್ದಕ್ಕೇ ನನಗೆ ಹೆಸರು ಬಂದದ್ದು.

ಹೆಸರು ಬರುವ ಮೊದಲು ಒಂದು ಎಡವಟ್ಟಾಗಿತ್ತು.

ಕಾರಮಡೈ ಹತ್ತಿರ ಬಾಳೆ ಬೆಳೆಯುವ ಒಂದು ಮನೆ. ಯಜಮಾನ ತೀರಿಕೊಂಡಿದ್ದರು. ಹಿರಿಯ ಮಗ ಮಸ್ಕತ್‌ನಲ್ಲಿ ಲಾರಿ ಓಡಿಸುತ್ತಿದ್ದ. ಅವನ ಚಿಕ್ಕಪ್ಪ ಆಫೀಸಿಗೆ ಫೋನ್ ಮಾಡಿ, "ಹುಡುಗ ಎಷ್ಟು ಹೊತ್ತಿಗೆ ಮನೆ ಸೇರ್ತಾನೆ?" ಅಂತ ಕೇಳಿದರು. ನಾನು ಪುಸ್ತಕ ನೋಡಿ, "ನಾಳೆ ಮಧ್ಯಾಹ್ನ ಊಟದ ಹೊತ್ತಿಗೆ" ಅಂದೆ. ಮುಂಬೈಯಲ್ಲಿ ಆಗ ಹೊರದೇಶದ ವಿಮಾನ ಇಳಿಯುವ ಕಟ್ಟಡವೇ ಬೇರೆ, ನಮ್ಮ ಕಡೆಯ ವಿಮಾನ ಹತ್ತುವ ಕಟ್ಟಡವೇ ಬೇರೆ. ನಡುವೆ ಬಸ್ಸಿನಲ್ಲಿ ಹೋಗಬೇಕು. ಅವನು ಸುಂಕದವರ ಸಾಲಿನಲ್ಲಿ ಸಿಕ್ಕಿಹಾಕಿಕೊಂಡು ಮುಂದಿನ ವಿಮಾನ ತಪ್ಪಿಸಿಕೊಂಡ. ಮನೆ ಸೇರುವಾಗ ಕತ್ತಲಾಗಿತ್ತು. ಅಲ್ಲಿಯವರೆಗೆ ಜನ ಅನ್ನ ಮುಟ್ಟದೆ ಪೆಂಡಾಲಿನಲ್ಲಿ ಕೂತಿದ್ದರು. ಸಕ್ಕರೆ ಕಾಯಿಲೆಯ ಒಬ್ಬ ಅಜ್ಜಿ ಕೂತಲ್ಲೇ ಬಿದ್ದರಂತೆ.

ಮೂರನೆಯ ದಿನ ನಾಲ್ಕು ಜನ ಮಾಳಿಗೆ ಹತ್ತಿ ಬಂದರು. "ಯಾರಯ್ಯಾ ಅದು ಮಣಿ? ಬಾಯಿಗೆ ಬಂದ ಟೈಮ್ ಹೇಳಿ ಹೆಣ ಕಾಯಿಸ್ತೀಯಾ?" ಚಿಕ್ಕಪ್ಪ ಮೇಜಿನ ಮೇಲಿದ್ದ ಪುಸ್ತಕ ಎತ್ತಿ ನೆಲಕ್ಕೆ ಹಾಕಿದರು. ಹಾಳೆಗಳು ಕಿತ್ತುಬಂದವು. ನಾನು ಗೋಡೆಗೆ ಒರಗಿ ನಿಂತಿದ್ದೆ. ಉಪ್ಪಿಟ್ಟು ತಿನ್ನುತ್ತಿದ್ದ ನನ್ನ ಕೈಯನ್ನು ತೊಳೆದುಕೊಳ್ಳಲೂ ಆಗಲಿಲ್ಲ.

ನಮ್ಮ ಆಫೀಸಿನ ಮುದಲಾಳಿ ಬಂದವರಿಗೆ ಸೋಡಾ ತರಿಸಿ, ಕೈ ಮುಗಿದು, ಸಮಾಧಾನ ಮಾಡಿ ಕಳಿಸಿದರು. ಆಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡರು. ಅವರು ಆಡಿದ್ದು ತಮಿಳಿನಲ್ಲಿ.

"ಮಣಿ, ಮದುವೆ ಮನೆಗೆ ಪುಸ್ತಕದಲ್ಲಿ ಇದ್ದ ಹಾಗೆ ಹೇಳು. ಸಾವಿನ ಮನೆಗೆ ಅರ್ಧ ದಿನ ಕೂಡಿಸಿ ಹೇಳು. ತಡವಾಗಿ ಬಂದರೆ ನಿನ್ನ ಹೊಡೀತಾರೆ. ಬೇಗ ಬಂದರೆ ಯಾರೂ ಬೈಯಲ್ಲ."

ಅವರು ಕೆಟ್ಟವರಲ್ಲ. ನನ್ನ ಮದುವೆಗೆ ಅರ್ಧ ಖರ್ಚು ಅವರದೇ. ಆ ಮಾತನ್ನು ನಾನು ಕೆಲಸದ ನಿಯಮವಾಗಿ ಇಟ್ಟುಕೊಂಡೆ. ಸಾವಿನ ಮನೆಯಿಂದ ಫೋನ್ ಬಂದರೆ ಲೆಕ್ಕ ಹಾಕುವುದು, ಅದಕ್ಕೆ ಅರ್ಧ ದಿನ ಕೂಡಿಸುವುದು, ಗಟ್ಟಿಯಾದ ಗಂಟಲಿನಲ್ಲಿ ಹೇಳುವುದು. ಆಮೇಲೆ ಒಬ್ಬರೂ ಮಾಳಿಗೆ ಹತ್ತಿ ಬಂದು ಬೈಯಲಿಲ್ಲ. 'ಟಿಕೆಟ್ ಮಣಿ ಹೇಳಿದರೆ ತಪ್ಪಲ್ಲ' ಅನ್ನುವ ಮಾತು ಹುಟ್ಟಿತು. ತಿರುಪ್ಪೂರು, ಅವಿನಾಶಿ, ಪಲ್ಲಡಂವರೆಗೂ ಹಬ್ಬಿತು. ಯಾರದೋ ಮನೆಯಲ್ಲಿ ಹೆಣ ಇಡುವ ಫ್ರೀಜರ್ ಪೆಟ್ಟಿಗೆ ತರಿಸುವ ಮೊದಲು ನನಗೆ ಫೋನ್ ಬರುತ್ತಿತ್ತು. ನಾನು ಹೇಳಿದ ಹೊತ್ತಿನ ಮೇಲೆ ಎತ್ತುವ ಹೊತ್ತು ತೀರ್ಮಾನವಾಗುತ್ತಿತ್ತು. ಕಾಯುವುದೋ ಬೇಡವೋ ಎನ್ನುವುದು ನನ್ನ ಬಾಯಲ್ಲಿತ್ತು. ಅದನ್ನು ನಾನು ಮರ್ಯಾದೆ ಅಂದುಕೊಂಡಿದ್ದೆ.

ಆಮೇಲೆ ಹಸಿರು ಅಕ್ಷರದ ಕಂಪ್ಯೂಟರ್ ಬಂತು. ಪುಸ್ತಕ ಹೋಯಿತು. ಮೊದಲ ವಾರ ನಾನು ಒಬ್ಬ ಗಿರಾಕಿಗೆ ಒಂದೇ ಟಿಕೆಟನ್ನು ಮೂರು ಸಲ ಕಾದಿರಿಸಿ, ಮೂರು ಸೀಟಿಗೂ ಅವನ ಹೆಸರೇ ಬಂದು, "ಮಣಿ ಅಣ್ಣಾ, ನಾನೇನು ಅಷ್ಟು ದಪ್ಪ ಇದ್ದೀನಾ?" ಅಂತ ಕೇಳಿಸಿಕೊಂಡೆ. ನಿಧಾನವಾಗಿ ಕಲಿತೆ. ಅದನ್ನು ಕಲಿಯುವಷ್ಟರಲ್ಲಿ ಎಲ್ಲರ ಕೈಗೂ ಫೋನ್ ಬಂತು, ಜನ ತಾವೇ ಟಿಕೆಟ್ ತೆಗೆದುಕೊಳ್ಳತೊಡಗಿದರು. ಮಾಳಿಗೆ ಹತ್ತುವವರು ಕಡಿಮೆಯಾದರು. ಮುದಲಾಳಿ ತೀರಿಕೊಂಡ ಮೇಲೆ ಅವರ ಮಕ್ಕಳು ಆಫೀಸನ್ನು ಮೊಬೈಲ್ ಅಂಗಡಿಗೆ ಬಾಡಿಗೆ ಕೊಟ್ಟರು. ನಾನು ಗೋಳ ಹಿಡಿದುಕೊಂಡು ಬಸ್ಸಿನಲ್ಲಿ ಮನೆಗೆ ಬಂದೆ.

ಆದರೂ ಸಾವಿನ ಮನೆಗಳ ಫೋನ್ ನಿಲ್ಲಲಿಲ್ಲ. ಟಿಕೆಟ್ಟನ್ನು ಫೋನಿನಲ್ಲಿ ತೆಗೆದುಕೊಂಡವರೂ ಹೊತ್ತನ್ನು ನನ್ನ ಬಾಯಿಂದ ಕೇಳಬೇಕೆನ್ನುತ್ತಿದ್ದರು. ನಾನೂ ಹೇಳುತ್ತಿದ್ದೆ. ವಿಮಾನಗಳು ಬದಲಾಗಿದ್ದವು, ನಿಲ್ದಾಣಗಳು ಬದಲಾಗಿದ್ದವು. ಮುಂಬೈಯಲ್ಲಿ ಈಗ ಹೊರದೇಶದ ವಿಮಾನ ಇಳಿದವರು ಅದೇ ಛಾವಣಿಯ ಕೆಳಗೆ ನಡೆದು ಊರಿನ ವಿಮಾನ ಹತ್ತಬಹುದು ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿದ್ದರೂ ಯಾರೂ ನನ್ನನ್ನು ಕೀಳಾಗಿ ನೋಡುತ್ತಿರಲಿಲ್ಲ.

ಈಗ ಆ ಸೋಮವಾರಕ್ಕೆ ಬರುತ್ತೇನೆ.

ಊಟ ಆದಮೇಲೆ ಕಮಲಾ ಎದೆ ಹಿಡಿಯುತ್ತಿದೆ ಅಂದಳು. ಆಟೋದಲ್ಲಿ ಆಸ್ಪತ್ರೆ ಮುಟ್ಟುವ ಮೊದಲೇ ನನ್ನ ಭುಜದ ಮೇಲೆ ಅವಳ ತಲೆ ಭಾರವಾಯಿತು. ಡಾಕ್ಟರು ನೋಡಿ ಇಲ್ಲ ಅಂದಮೇಲೆ ಮನೆಗೆ ತಂದೆವು. ಮಗಳು ಸುಧಾ ತಿರುಪ್ಪೂರಿನ ಕಂಪನಿಯಿಂದ ಓಡಿಬಂದಳು. ಬನಿಯನ್‌ಗಳ ಸ್ಯಾಂಪಲ್ಲನ್ನು ಹೊರದೇಶದ ಗಿರಾಕಿಗಳಿಗೆ ಕಳಿಸುವ ಕೆಲಸ ಅವಳದು. ಮಾವನಿಗೆ ಅವಳೇ ಫೋನ್ ಮಾಡಿ ನನ್ನ ಕೈಗೆ ಕೊಟ್ಟಳು.

ಮುರುಗೇಸ ಇನ್ನೂ ಕಾರ್ಖಾನೆಯಲ್ಲೇ ಇದ್ದ. ಹಿಂದೆ ಯಂತ್ರಗಳ ಸದ್ದು ಕೇಳುತ್ತಿತ್ತು. "ಬಾವ, ನಾನು ಬರೋವರೆಗೂ ಅಕ್ಕನ್ನ ಇಟ್ಟಿರಿ" ಅಂದ.

ಆ ಹೊತ್ತಿನಲ್ಲೂ ನನ್ನ ತಲೆ ತನ್ನ ಪಾಡಿಗೆ ಲೆಕ್ಕ ಹಾಕಿತು. ಅಲ್ಲಿಂದ ಮಾರಿಷಸ್, ಮಾರಿಷಸ್ಸಿನಿಂದ ಮುಂಬೈ, ಮುಂಬೈಯಲ್ಲಿ ಕಾಯುವುದು, ಕೊಯಮತ್ತೂರು. ಅದರ ಮೇಲೆ ಅರ್ಧ ದಿನ.

"ಬುಧವಾರ ಆಗುತ್ತೆ ಅಪ್ಪಾ. ಅದೂ ಎಷ್ಟು ಹೊತ್ತಿಗೋ. ನೀನು ಹನ್ನೊಂದನೇ ದಿನಕ್ಕೆ ಬಾ."

"ಆ ಮಾತು ಬೇಡ ಬಾವ. ಇಟ್ಟಿರಿ" ಅಂತ ಹೇಳಿ ಫೋನ್ ಇಟ್ಟುಬಿಟ್ಟ.

ನನ್ನ ಅಣ್ಣ ರಂಗಸಾಮಿ ಮನೆಗೆ ಹಿರಿಯ. ಗ್ಯಾಸ್ ಚಿತಾಗಾರದಲ್ಲಿ ಹೊತ್ತು ಮೊದಲೇ ಗೊತ್ತು ಮಾಡಬೇಕು. ಮಂಗಳವಾರ ಸಂಜೆ ನಾಲ್ಕಕ್ಕೆ ಒಂದು ಖಾಲಿ ಇತ್ತು, ಅದು ಬಿಟ್ಟರೆ ಬುಧವಾರ ಬೆಳಗ್ಗೆ. ಅಣ್ಣ ನನ್ನನ್ನು ಕೇಳಿದ. ನಾನು, "ಬುಧವಾರ ಬೆಳಗ್ಗೆಗೂ ಅವನು ಬರೋದು ಅನುಮಾನ" ಅಂದೆ. ಅಣ್ಣ ನಾಲ್ಕಕ್ಕೆ ಹೇಳಿಸಿದ. ಸೀರೆಗೆ ಅವಳ ದೊಡ್ಡಪ್ಪನ ಕಡೆಯ ದೂರದ ಒಬ್ಬನನ್ನು ಕರೆಸುವುದೆಂದು ಆಯಿತು.

ಮಂಗಳವಾರ ಮಧ್ಯಾಹ್ನ ಒಂದು ದಾಟಿತ್ತು. ಹೆಂಗಸರು ಸ್ನಾನ ಮಾಡಿಸಲು ನೀರು ತರುತ್ತಿದ್ದರು. ಸುಧಾ ಫೋನ್ ಹಿಡಿದು ಪೆಂಡಾಲಿಗೆ ಓಡಿಬಂದಳು.

"ಅಪ್ಪಾ, ಮಾವ ಮುಂಬೈಯಲ್ಲಿ ಇದಾರೆ! 'ವಿಮಾನ ಹತ್ತುತ್ತಾ ಇದ್ದೀನಿ, ಕಾಯಿರಿ' ಅಂತ ಕಳಿಸಿದಾರೆ. ಮೂರೂವರೆಗೆ ಇಲ್ಲಿ ಇಳಿಯುತ್ತೆ."

ಕುರ್ಚಿಗಳಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಸುಧಾಳನ್ನಲ್ಲ, ನನ್ನನ್ನು.

"ಆ ಹೊತ್ತಿಗೆ ಮುಂಬೈಯಿಂದ ಇಲ್ಲಿಗೆ ವಿಮಾನ ಇಲ್ಲ" ಅಂದೆ. "ಚೆನ್ನೈಗೆ ಹತ್ತಿರ್ತಾನೆ. ಅಲ್ಲಿ ಇಳಿದು ರಾತ್ರಿ ವಿಮಾನಕ್ಕೆ ಕೂರಬೇಕು."

"ಇದೆ ಅಪ್ಪಾ. ನೋಡಿ, ಫೋನಲ್ಲೇ ಇದೆ."

"ಫೋನಲ್ಲಿ ಎಲ್ಲಾ ಇರುತ್ತೆ. ಫೋನ್ ತೋರಿಸೋದು ಒಂದು, ಮನುಷ್ಯ ಬಾಗಿಲಿಗೆ ಬರೋದು ಒಂದು. ನಿನಗೆ ಈ ಕೆಲಸ ಗೊತ್ತಿಲ್ಲ."

"ನಾನೂ ದಿನಾ ಇದನ್ನೇ ಮಾಡ್ತೀನಲ್ಲಪ್ಪಾ."

"ನೀನು ಕಳಿಸೋದು ಬನಿಯನ್. ಕಾದವರು ಅಳಲ್ಲ."

ಯಾರೋ ಒಬ್ಬರು ನಕ್ಕರು. ಹೆಂಡತಿಯ ಹೆಣದ ಮುಂದೆ ನಾನು ನಗಿಸಿದೆ. ಸುಧಾ ಫೋನ್ ಕೆಳಗಿಳಿಸಿದಳು.

ಅಣ್ಣ ಹತ್ತಿರ ಬಂದು ಬಗ್ಗಿ, "ಮಣಿ, ನಿಜ ಹೇಳಪ್ಪಾ. ಕಾಯೋಣವಾ? ಚಿತಾಗಾರದವರ ಕಾಲು ಹಿಡಿದು ನಾಳೆಗೆ ಹಾಕಿಸ್ತೀನಿ. ಅದೇನು ದೊಡ್ಡದಲ್ಲ" ಅಂದ.

ಎದುರಿಗೆ ನೂರು ಜನ. ಬೆಳಗಿನಿಂದ ಅನ್ನ ಮುಟ್ಟಿರಲಿಲ್ಲ. ಸಕ್ಕರೆ ಕಾಯಿಲೆಯವರು ಇಬ್ಬರು ಮೂವರಾದರೂ ಇದ್ದರು. ನನಗೆ ಕಾರಮಡೈ ಪೆಂಡಾಲು ಕಂಡಿತು. ಆ ಪೆಂಡಾಲನ್ನು ನಾನು ಎಂದೂ ನೋಡಿದವನಲ್ಲ, ಆದರೂ ಕಂಡಿತು. ಅವನು ಬರದೆ ಹೋಗಿ ಎಲ್ಲರೂ ನನ್ನ ಮುಖ ನೋಡುವುದು ಕಂಡಿತು.

"ಬೇಡ ಅಣ್ಣಾ. ಎತ್ತಿ" ಅಂದೆ.

"ಟಿಕೆಟ್ ಮಣಿಯೇ ಹೇಳಿದ ಮೇಲೆ ಇನ್ನೇನು" ಅಂತ ಹಿಂದಿನಿಂದ ಯಾರೋ ಅಂದರು. ದೂರದ ಸಂಬಂಧದವನು ತಂದಿದ್ದ ಸೀರೆ ಹೊದಿಸಲು ಮುಂದೆ ಬಂದಾಗ ಸುಧಾ ತಡೆದಳು. "ಅವರ ಕೈಯದು ಬೇಡ. ಅಮ್ಮನಿಗೆ ಅವರು ಯಾರು ಅಂತಲೇ ಗೊತ್ತಿರಲಿಲ್ಲ. ಮನೆಯ ಸೀರೆಯಲ್ಲೇ ಹೋಗಲಿ." ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಮಲಾಳ ಬೀರುವಿನಿಂದಲೇ ಒಂದು ಸೀರೆ ತಂದು ಹೊದಿಸಿದರು. ಮೂರೂವರೆಗೆ ಶವದ ವ್ಯಾನು ಹೊರಟಿತು.

ಅದೇ ಹೊತ್ತಿಗೆ ಪೀಳಮೇಡಿನ ನಮ್ಮೂರ ವಿಮಾನ ನಿಲ್ದಾಣದಲ್ಲಿ ಮುರುಗೇಸನ ವಿಮಾನ ಇಳಿದಿತ್ತು.

ಚಿತಾಗಾರದಲ್ಲಿ ಕಬ್ಬಿಣದ ಬಾಗಿಲು ಮುಚ್ಚಿದ ಮೇಲೆ ಗಂಡಸರು ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದೆವು. ಒಂದು ಬಾಡಿಗೆ ಕಾರು ಬಂದು ನಿಂತಿತು. ಮುರುಗೇಸ ಇಳಿದ. ದಾರಿಯಲ್ಲಿ ಸುಧಾ ಫೋನ್ ಮಾಡಿದ್ದರಿಂದ ಮನೆಗೆ ಹೋಗದೆ ಇಲ್ಲಿಗೇ ಬಂದಿದ್ದ. ಕಾರ್ಖಾನೆಯ ನೀಲಿ ಅಂಗಿಯಲ್ಲೇ ಇದ್ದ, ಜೇಬಿನ ಮೇಲೆ ಎಣ್ಣೆಯ ಕಲೆ. ಕೈಯಲ್ಲಿ ಅಂಗಡಿಯ ಚೀಲ. ಮರದ ಕೆಳಗೆ ನಾವೆಲ್ಲ ಸುಮ್ಮನೆ ನಿಂತಿದ್ದುದನ್ನು ನೋಡಿದ, ಚಿಮಣಿಯನ್ನು ನೋಡಿದ. ಓಡುತ್ತಿದ್ದವನು ನಡೆಯತೊಡಗಿದ.

ಬಂದು ನನ್ನನ್ನು ಕಲ್ಲಿನ ಮೇಲೆ ಕೂರಿಸಿ ತಾನೂ ಪಕ್ಕದಲ್ಲಿ ಕೂತ. ಚೀಲದಲ್ಲಿ ಎಲೆಹಸಿರು ಸೀರೆ ಇತ್ತು, ಕೆಂಪು ಅಂಚು. ಕಮಲಾ ಯಾವಾಗಲೂ ಕೇಳುತ್ತಿದ್ದ ಬಣ್ಣ.

"ಬರಿಗೈಯಲ್ಲಿ ಬರಬಾರದಲ್ಲ ಬಾವ" ಅಂದ. "ಏರ್‌ಪೋರ್ಟ್ ಹೊರಗೆ ಒಂದು ಅಂಗಡೀಲಿ ನಿಲ್ಲಿಸಿದೆ. ಹತ್ತು ನಿಮಿಷ ಆಗಿರಬಹುದು. ಬಣ್ಣ ಆರಿಸ್ತಾ ನಿಂತುಬಿಟ್ಟೆ. ಯಾವುದೋ ಒಂದು ಎತ್ತಿಕೊಂಡು ಬರಬೇಕಾಗಿತ್ತು, ಅಲ್ವಾ? ಆ ಹತ್ತು ನಿಮಿಷ ನಿಲ್ಲದೆ ಇದ್ದಿದ್ದರೆ ಸಿಗ್ತಾ ಇದ್ದಳಾ ಬಾವ?"

ಇಲ್ಲ ಅಪ್ಪಾ, ನೀನು ನೇರ ಬಂದಿದ್ದರೂ ಆಗುತ್ತಿರಲಿಲ್ಲ, ನಾಲ್ಕಕ್ಕೆಲ್ಲ ಮುಗಿದಿತ್ತು ಎಂದು ಹೇಳಬೇಕಿತ್ತು. ನೀನು ಕಾಯಿರಿ ಅಂದದ್ದು ನಮಗೆ ಮುಟ್ಟಿತ್ತು ಎಂದು ಹೇಳಬೇಕಿತ್ತು. ಅಣ್ಣ ಕಾಯಲು ಸಿದ್ಧನಿದ್ದ, ಸುಧಾ ಫೋನ್ ಹಿಡಿದು ತೋರಿಸಿದಳು, ಬೇಡ ಅಂದವನು ನಾನು ಎಂದು ಹೇಳಬೇಕಿತ್ತು. ನಾನು ತಲೆ ತಗ್ಗಿಸಿ ಅವನ ಚಪ್ಪಲಿ ನೋಡುತ್ತಾ ಕೂತಿದ್ದೆ. ಅವನು ನನ್ನ ಬೆನ್ನು ಸವರಿದ. ನಾನು ಹೆಂಡತಿಗಾಗಿ ಅಳುತ್ತಿದ್ದೇನೆ ಅಂದುಕೊಂಡಿರಬೇಕು.

ಅಣ್ಣನೂ ಬಾಯಿ ಬಿಡಲಿಲ್ಲ. ನನ್ನ ಮರ್ಯಾದೆ ಕಾಪಾಡುತ್ತಿದ್ದ. ಸುಧಾ ಮಾವನಿಗೆ, "ನಿಮ್ಮ ಮೆಸೇಜ್ ನಾನು ತಡವಾಗಿ ನೋಡಿದೆ" ಅಂತ ಹೇಳಿದಳಂತೆ. ನನಗಾಗಿ ಅವಳು ಸುಳ್ಳು ಹೇಳಿದ್ದು ನನಗೆ ಆಮೇಲೆ ಗೊತ್ತಾಯಿತು. ಆ ಹೊತ್ತಿನಿಂದ ಇವತ್ತಿನವರೆಗೆ ಅವಳು ಆ ವಿಷಯ ನನ್ನ ಮುಂದೆ ಎತ್ತಿಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿತ್ತು.

ಹನ್ನೊಂದನೆಯ ದಿನ ನಮ್ಮ ಹಳೆಯ ಬೀದಿಯ ಪಳನಿ ಬಂದಿದ್ದ. ಒಂದು ಕಾಲದಲ್ಲಿ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದವನು, ಈಗ ಬಟ್ಟೆ ಅಂಗಡಿಯಲ್ಲಿ ಕಾವಲುಗಾರ. ಊಟ ಮಾಡಿ ಎಲೆ ಮಡಿಸುತ್ತಾ ಸಮಾಧಾನ ಹೇಳುವವನ ಹಾಗೆ ಅಂದ:

"ಮನಸ್ಸಿಗೆ ಹಚ್ಕೋಬೇಡಿ ಮಣಿ ಅಣ್ಣಾ. ನಮ್ಮ ಅಮ್ಮ ಹೋದಾಗಲೂ ಇದೇ ಆಯ್ತಲ್ಲ. ಸೋದರಮಾವ ಸಿಂಗಾಪುರದಿಂದ ರಾತ್ರಿ ಬರ್ತಾರೆ ಅಂತ ನೀವು ಹೇಳಿದ್ರಿ. ನಾವು ಮಧ್ಯಾಹ್ನ ಮುಗಿಸಿದ್ವಿ. ಮುಗಿಸಿ ನಾವು ಬರೋವಾಗ ಅವರು ಬಾಗಿಲಲ್ಲಿ ಕೂತಿದ್ರು, ಸೀರೆ ಇಟ್ಕೊಂಡು."

"ನೀನು ನನಗೆ ಹೇಳಲೇ ಇಲ್ಲವಲ್ಲೋ."

"ಹೇಳಿ ಏನು ಅಣ್ಣಾ? ನೀವೇನು ಬೇಕು ಅಂತ ಮಾಡಿದ್ರಾ?" ಅಂದ. ಪಾಯಸ ಚೆನ್ನಾಗಿತ್ತು ಅಂದು, ಕೈ ತೊಳೆಯಲು ಹೋದ.

ಬೇಗ ಬಂದರೆ ಯಾರೂ ಬೈಯಲ್ಲ ಅಂತ ಮುದಲಾಳಿ ಹೇಳಿದ್ದು ನಿಜವಾಯಿತು. ಯಾರೂ ಬೈಯಲಿಲ್ಲ. ಬೈಯದಿರುವುದನ್ನು ನಾನು ನನ್ನ ಲೆಕ್ಕ ಸರಿ ಎಂದು ತಿಳಿದುಕೊಂಡೆ. ಆ ಅರ್ಧ ದಿನವನ್ನು ನಾನು ಕೂಡಿಸುತ್ತಿದ್ದುದು ಅವರಿಗಾಗಿ ಅಲ್ಲ, ನನ್ನ ಮೇಜಿನ ಮೇಲಿನ ಪುಸ್ತಕವನ್ನು ಯಾರೂ ನೆಲಕ್ಕೆ ಹಾಕಬಾರದು ಎಂದು. ಎಷ್ಟು ಮನೆಗಳ ಬಾಗಿಲಲ್ಲಿ ಎಷ್ಟು ಜನ ಹಾಗೆ ಬಂದು ಕೂತಿದ್ದರೋ ನನಗೆ ಗೊತ್ತಿಲ್ಲ. ಫೋನ್ ಮಾಡಿದವರು ಯಾರ್ಯಾರು ಎಂದು ಈಗ ನೆನಪೂ ಇಲ್ಲ. ಕೆಲವು ಬೀದಿಗಳಲ್ಲಿ ನಡೆಯುವಾಗ ಯಾರಾದರೂ ನಮಸ್ಕಾರ ಮಾಡಿದರೆ ಬೇಗ ಬೇಗ ದಾಟಿಬಿಡುತ್ತೇನೆ.

ಈ ಕೆಲಸಕ್ಕೆ ಬಂದವರಿಗೆ ನಾನು ಹೇಳುವುದು ಇಷ್ಟು. ಈಗ ಯಂತ್ರವೇ ಹೊತ್ತು ಹೇಳುತ್ತದೆ, ದೂರ ಹೇಳುತ್ತದೆ. ಆದರೂ ಗಾಬರಿಯಲ್ಲಿರುವವರು ಒಬ್ಬ ಮನುಷ್ಯನ ಬಾಯಿಂದಲೇ ಕೇಳಬೇಕೆನ್ನುತ್ತಾರೆ, ನಿಮಗೂ ಫೋನ್ ಬರುತ್ತದೆ. ಎಲ್ಲ ಸರಿಹೋದರೆ ಇಷ್ಟಕ್ಕೆ, ಒಂದು ವಿಮಾನ ತಪ್ಪಿದರೆ ಇಷ್ಟಕ್ಕೆ ಅಂತ ಎರಡನ್ನೂ ಹೇಳಿ. ಕಾಯುವುದೋ ಬಿಡುವುದೋ ಆ ಮನೆಯವರು ತೀರ್ಮಾನಿಸಲಿ. ತಡವಾದರೆ ಬಂದು ಬೈಯಲಿ, ಬೈಸಿಕೊಳ್ಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಪಕ್ಕದಲ್ಲಿ ಯಾರಾದರೂ ಫೋನ್ ಹಿಡಿದು ತೋರಿಸಿದರೆ ನೋಡಿ. ನಾನು ಕಣ್ಣು ಹಾಯಿಸಿಯೂ ನೋಡಲಿಲ್ಲ.

ಮುರುಗೇಸ ಮಡಗಾಸ್ಕರಿಗೆ ವಾಪಸ್ ಹೋದ. ಹೋಗುವಾಗ ಆ ಸೀರೆಯನ್ನು ಸುಧಾಳ ಕೈಗೆ ಕೊಡಲು ನೋಡಿದ. ಸತ್ತವರಿಗೆ ತಂದದ್ದನ್ನು ಉಡುವ ಹಾಗಿಲ್ಲ, ಬೇರೆಯವರಿಗೆ ಕೊಡುವ ಹಾಗೂ ಇಲ್ಲ. ಅಂಗಡಿಯ ಚೀಲದಲ್ಲೇ ಅದು ಕಮಲಾಳ ಬೀರುವಿನಲ್ಲಿದೆ. ಗೋಳ ಅಟ್ಟಕ್ಕೆ ಹೋಗಲಿಲ್ಲ, ಉಗುರಿನ ಗುರುತು ಮಾಡಿದ ನೂಲು ಇನ್ನೂ ಅದರ ಕಾಲಿಗೆ ಸುತ್ತಿಕೊಂಡಿದೆ.

ಅವನು ಈಗ ಭಾನುವಾರ ನನಗೆ ಫೋನ್ ಮಾಡುತ್ತಾನೆ. ಅಕ್ಕನಿಗೆ ಮಾಡುತ್ತಿದ್ದ ಹೊತ್ತಿಗೇ. ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಮಳೆ ಬಂತಾ ಅಂತ ಕೇಳುತ್ತಾನೆ. ಎರಡು ಸಲ ಮಾತಿನ ನಡುವೆ, "ಆ ಬಣ್ಣ ಆರಿಸ್ತಾ ನಿಂತೆನಲ್ಲ ಬಾವ" ಅಂದ. ನಾನು ಅಲ್ಲಿಯ ಹವೆ ಹೇಗಿದೆ ಅಂತ ಕೇಳಿದೆ.

ಇಷ್ಟನ್ನೂ ಬರೆದಿದ್ದೇನೆ. ಆದರೆ ಮುರುಗೇಸನಿಗೆ ಕನ್ನಡ ಓದಲು ಬರುವುದಿಲ್ಲ. ಅವನು ಕೇಳಿದ್ದಕ್ಕೆ ನಾನು ಇನ್ನೂ ಉತ್ತರ ಹೇಳಿಲ್ಲ.